ಸಿಗ್ನಲ್‌ನಲ್ಲಿ ಬರೋ ಸಿಟ್ಟು ಪೂರ್ತಿ ನಮ್ಮದೇನಾ? ಮರ, ಗೋಡೆ, ಸದ್ದು ನಮ್ಮ ಮನಸ್ಸಿಗೆ ಏನ್ ಮಾಡ್ತವೆ ಅನ್ನೋ ಬಗ್ಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಬೆಂಗಳೂರಿನ ಯಾವ ದೊಡ್ಡ ಸಿಗ್ನಲ್‌ನಲ್ಲಾದ್ರೂ ನಿಂತು ನೋಡಿ, ಹಸಿರು ಲೈಟ್ ಬೀಳೋಕ್ ಮುಂಚೆನೇ ಹಿಂದಿನಿಂದ ಹಾರ್ನ್ ಶುರುವಾಗಿರುತ್ತೆ, ಮುಂದಿನವನು ಒಂಚೂರು ತಡ ಮಾಡಿದ್ರೆ ಬೈಗುಳ, ಅವನು ತಿರುಗಿ ನೋಡಿದ್ರೆ ಜಗಳ. ಇದನ್ನ ನಾವು ಯಾವಾಗ್ಲೂ ಜನರ ಸ್ವಭಾವದ ಲೆಕ್ಕಕ್ಕೆ ಬರೀತೀವಿ, ಈಗಿನವರಿಗೆ ತಾಳ್ಮೆ ಇಲ್ಲ, ಸಂಸ್ಕಾರ ಇಲ್ಲ ಅಂತ. ಆದ್ರೆ 1986ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್ ಅನ್ನೋ ಬಿಸಿಲೂರಲ್ಲಿ ಮಾಡಿದ್ದು, ಕೆನ್ರಿಕ್ ಮತ್ತು ಮ್ಯಾಕ್‌ಫಾರ್ಲೇನ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಹಸಿರು ಲೈಟ್ ಬಿದ್ಮೇಲೂ ಬೇಕಂತಲೇ ಒಂದು ಕಾರನ್ನ ಮುಂದೆ ಹೋಗದ ಹಾಗೆ ನಿಲ್ಲಿಸಿ, ಹಿಂದಿನ ಗಾಡಿಯವರು ಎಷ್ಟು ಬೇಗ ಎಷ್ಟು ಸಲ ಹಾರ್ನ್ ಹೊಡೀತಾರೆ ಅಂತ ಎಣಿಸಿದ್ರು. ಬಿಸಿಲು ಏರಿದ ಹಾಗೆ ಹಾರ್ನೂ ಏರ್ತು. ಅದರಲ್ಲೂ ಕಿಟಕಿ ಗಾಜು ಇಳಿಸಿಕೊಂಡಿದ್ದವರು, ಅಂದ್ರೆ ಏಸಿ ಇಲ್ಲದವರು ಅಂತ ಅವರು ಲೆಕ್ಕ ಹಾಕಿದ್ದವರು, ಅವರಲ್ಲಿ ಈ ಏರಿಕೆ ಇನ್ನೂ ಜೋರಾಗಿತ್ತು. ಜನ ಅದೇ ಊರಿನವರು, ಸಿಗ್ನಲ್ ಅದೇ, ಬದಲಾಗಿದ್ದು ಸುತ್ತಲಿನ ಗಾಳಿಯ ಬಿಸಿ.

ಇದನ್ನ ಓದಿದಾಗಿಂದ ನಂಗೆ ಒಂದು ವಿಷಯ ಬಲವಾಗಿ ಅನ್ಸೋಕೆ ಶುರುವಾಗಿದೆ. ನಮ್ಮ ಮನಸ್ಸಿನ ಒಳಗೆ ನಡೆಯೋದು ಅಂತ ನಾವು ಅಂದುಕೊಂಡಿರೋದ್ರಲ್ಲಿ ಒಂದು ದೊಡ್ಡ ಪಾಲು ನಮ್ಮ ರಸ್ತೆ, ನಮ್ಮ ಗೋಡೆ, ನಮ್ಮ ಕಿಟಕಿ ಮಾಡಿಕೊಡೋದು, ಹಂಗಾಗಿ ಯಾರ ಬೀದಿಯಲ್ಲಿ ಮರ ಇರಬೇಕು, ಯಾರ ಕಿಟಕಿ ಪಕ್ಕ ಫ್ಲೈಓವರ್ ಹೋಗಬೇಕು ಅಂತ ತೀರ್ಮಾನ ಮಾಡೋರು ಬರೀ ಟ್ರಾಫಿಕ್ ಬಗ್ಗೆ ತೀರ್ಮಾನ ಮಾಡ್ತಿಲ್ಲ, ಯಾರು ಎಷ್ಟು ನೆಮ್ಮದಿಯಾಗಿ ಇರಬೇಕು ಅನ್ನೋದನ್ನೂ ತೀರ್ಮಾನ ಮಾಡ್ತಿದ್ದಾರೆ. ಟೆನ್ಷನ್ ಜಾಸ್ತಿ ಆಯ್ತಾ, ಧ್ಯಾನ ಮಾಡಿ, ಆ್ಯಪ್ ಹಾಕ್ಕೊಳ್ಳಿ, ಕೌನ್ಸೆಲಿಂಗ್‌ಗೆ ಹೋಗಿ ಅಂತ ಹೇಳ್ತಾರೆ, ಇದೆಲ್ಲ ಬೇಕು, ಬೇಡ ಅಂತ ನಾನು ಹೇಳಲ್ಲ, ಆದ್ರೆ ನೀವಿರೋ ಜಾಗ ಹೇಗಿದೆ ಅಂತ ಯಾರೂ ಕೇಳೋದೇ ಇಲ್ಲ.

ಊರಿನ ವಾತಾವರಣ ಬರೀ ಸುಸ್ತು ಮಾಡುತ್ತೆ ಅಂತ ಅಷ್ಟೇ ಅಲ್ಲ, ಬೇರೆಯವರ ಮಾತನ್ನ, ಮುಖವನ್ನ ನಾವು ಹೇಗೆ ತಗೊಳ್ತೀವಿ ಅನ್ನೋದನ್ನೂ ಅದು ಬದಲಾಯಿಸುತ್ತೆ. 2011ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನ ಸಂಶೋಧಕರು ಜನರನ್ನ ಮೆದುಳಿನ ಸ್ಕ್ಯಾನರ್ ಒಳಗೆ ಮಲಗಿಸಿ, ಕಡಿಮೆ ಟೈಮ್ ಕೊಟ್ಟು ಲೆಕ್ಕ ಮಾಡಿಸಿ, ಜೊತೆಗೆ ನೀವು ತುಂಬಾ ಕಳಪೆಯಾಗಿ ಮಾಡ್ತಿದ್ದೀರಿ ಅಂತ ಹೆಡ್‌ಫೋನ್‌ನಲ್ಲಿ ಟೀಕೆ ಮಾಡಿದ್ರು. ಆಗ ಮೆದುಳಿನಲ್ಲಿ ಭಯ, ಅಪಾಯ ಇಂಥದ್ದನ್ನ ಗುರುತಿಸೋ ಅಮಿಗ್ಡಲ ಅನ್ನೋ ಭಾಗ ದೊಡ್ಡ ನಗರದಲ್ಲಿ ವಾಸ ಇರೋರಲ್ಲಿ ಹೆಚ್ಚು ಕೆಲಸ ಮಾಡ್ತು, ಸಣ್ಣ ಪಟ್ಟಣದವರಲ್ಲಿ ಅದಕ್ಕಿಂತ ಕಡಿಮೆ, ಹಳ್ಳಿಯವರಲ್ಲಿ ಇನ್ನೂ ಕಡಿಮೆ. ಅಂದ್ರೆ ಟೀಕೆ ಒಂದೇ ಇದ್ರೂ ಅದು ಎಷ್ಟು ಚುಚ್ಚುತ್ತೆ ಅನ್ನೋದು ಎಲ್ಲಿ ಬದುಕ್ತಿದ್ದೀವಿ ಅನ್ನೋದರ ಜೊತೆ ಗಂಟು ಹಾಕಿಕೊಂಡಿದೆ. ನಮ್ಮಲ್ಲೂ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆ ತರಹದ ಮೂಡ್ ಕಾಯಿಲೆಗಳು, ಒತ್ತಡಕ್ಕೆ ಸಂಬಂಧಪಟ್ಟ ಕಾಯಿಲೆಗಳು ಮಹಾನಗರಗಳಲ್ಲಿ ಬೇರೆ ಕಡೆಗಿಂತ ಎರಡು ಮೂರು ಪಟ್ಟು ಹೆಚ್ಚು ಅಂತ ಬಂತು. ಇದಕ್ಕೆ ಒಂಟಿತನ, ಕೆಲಸ, ಸಾಲ, ಬಾಡಿಗೆ ಹೀಗೆ ನೂರು ಕಾರಣ ಇರಬಹುದು, ಎಲ್ಲಾ ಕಟ್ಟಡದ ತಪ್ಪು ಅಂತ ಹೇಳೋಕಾಗಲ್ಲ, ಆದ್ರೆ ಜಾಗದ ಪಾಲೂ ಇದೆ ಅನ್ನೋದನ್ನ ತಳ್ಳಿಹಾಕೋಕೂ ಆಗಲ್ಲ.

ಈ ವಿಷಯದಲ್ಲಿ ಎಲ್ಲರೂ ಹೇಳೋ ಅಧ್ಯಯನ ಒಂದಿದೆ, ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ್ದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ತೆಗೆದು ನೋಡಿದ್ರು, ಅರ್ಧ ಜನರ ಬೆಡ್ ಪಕ್ಕದ ಕಿಟಕಿಯಿಂದ ಮರಗಳು ಕಾಣ್ತಿದ್ವು, ಇನ್ನರ್ಧ ಜನರಿಗೆ ಕಾಣ್ತಿದ್ದಿದ್ದು ಕಂದು ಬಣ್ಣದ ಇಟ್ಟಿಗೆ ಗೋಡೆ. ವಯಸ್ಸು, ಗಂಡು ಹೆಣ್ಣು, ಬೀಡಿ ಸಿಗರೇಟ್ ಅಭ್ಯಾಸ ಇವೆಲ್ಲ ಹೊಂದಿಸಿ ಜೋಡಿ ಮಾಡಿದ್ರು. ಮರ ಕಂಡವರು ಆಪರೇಷನ್ ಆದ್ಮೇಲೆ ಸರಾಸರಿ 7.96 ದಿನಕ್ಕೆ ಮನೆಗೆ ಹೋದ್ರೆ ಗೋಡೆ ಕಂಡವರಿಗೆ 8.70 ದಿನ ಬೇಕಾಯ್ತು, ಜೋರು ನೋವಿನ ಔಷಧಿಯನ್ನ ಮರ ಕಂಡವರು ಕಡಿಮೆ ತಗೊಂಡ್ರು, ನರ್ಸುಗಳು ಬರೆದಿಟ್ಟ ಟಿಪ್ಪಣಿಯಲ್ಲಿ ಅಳ್ತಿದ್ದಾರೆ, ತುಂಬಾ ಧೈರ್ಯ ಹೇಳಬೇಕಾಗಿದೆ ಅನ್ನೋ ಥರದ ಮಾತು ಗೋಡೆ ಕಡೆಯವರ ಬಗ್ಗೆ ಜಾಸ್ತಿ ಇತ್ತು. ಬರೀ 46 ಜನ, ಒಂದೇ ಆಸ್ಪತ್ರೆ, ಇದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟೋಕಾಗಲ್ಲ ನಿಜ. ಆದ್ರೂ ನಮ್ಮ ನರ್ಸಿಂಗ್ ಹೋಮ್‌ಗಳನ್ನ ನೆನೆಸ್ಕೊಳ್ಳಿ, 30x40 ಸೈಟಲ್ಲಿ ನಾಲ್ಕು ಮಹಡಿ ಎತ್ತಿ, ಕಿಟಕಿ ತೆಗೆದ್ರೆ ಪಕ್ಕದ ಬಿಲ್ಡಿಂಗಿನ ಗೋಡೆ ಕೈಗೆ ಸಿಗೋ ಹಾಗೆ ಕಟ್ಟಿರ್ತಾರೆ, ಮನೆಯವರು ರೋಗಿಯನ್ನ ಬಿಟ್ಟು ಕಾರಿಡಾರ್‌ನಲ್ಲಿ ಟ್ಯೂಬ್‌ಲೈಟ್ ಕೆಳಗೆ ರಾತ್ರಿಯೆಲ್ಲ ಕೂತಿರ್ತಾರೆ. ಅಲ್ಲಿ ಬರೋ ಗಾಬರಿ ಎಲ್ಲಾ ಕಾಯಿಲೆಯದ್ದೇ ಅಂತ ನಂಬೋಕೆ ನಂಗೆ ಕಷ್ಟ ಆಗುತ್ತೆ.

ಯಾಕೆ ಹಿಂಗಾಗುತ್ತೆ ಅನ್ನೋದಕ್ಕೆ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ಅನ್ನೋ ಮನಶ್ಶಾಸ್ತ್ರಜ್ಞ ದಂಪತಿ ಕೊಟ್ಟ ವಿವರಣೆ ಇದೆ, ನಂಗೆ ತುಂಬಾ ಒಪ್ಪಿಗೆಯಾಗಿರೋದು ಅದೇ. ನಮಗೆ ಎರಡು ಥರದ ಗಮನ ಇದೆ ಅಂತಾರೆ ಅವರು. ಒಂದು ನಾವು ಬಲವಂತವಾಗಿ ಹಿಡಿದಿಡೋದು, ಇನ್ನೊಂದು ತಾನಾಗೇ ಹೋಗೋದು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸ್ಕೂಟರ್ ಓಡಿಸೋರು ಕನ್ನಡಿ ನೋಡಬೇಕು, ಗುಂಡಿ ನೋಡಬೇಕು, ಎಡಗಡೆಯಿಂದ ನುಗ್ಗೋ ಬೈಕ್ ನೋಡಬೇಕು, ಬಸ್ಸು ಯಾವ ಕಡೆ ತಿರುಗುತ್ತೆ ಅಂತ ಊಹೆ ಮಾಡಬೇಕು, ಬೋರ್ಡು ಜಾಹೀರಾತು ಹಾರ್ನ್ ಇವನ್ನೆಲ್ಲ ಬೇಡ ಬೇಡ ಅಂತ ತಳ್ಳಬೇಕು, ಈ ತಳ್ಳೋ ಕೆಲಸದಲ್ಲೇ ಮೊದಲನೇ ಥರದ ಗಮನ ಖಾಲಿಯಾಗುತ್ತೆ, ಅದು ಖಾಲಿಯಾದಾಗ ಸಿಟ್ಟು ತಡೆಯೋ ಶಕ್ತಿಯೂ ಹೋಗುತ್ತೆ. ಮನೆಗೆ ಬಂದು ಮಗು ಹೋಮ್‌ವರ್ಕ್ ಬಗ್ಗೆ ಎರಡನೇ ಸಲ ಕೇಳಿದ್ರೆ ರೇಗೋದು ಇದಕ್ಕೇ. ಎಲೆ ಅಲ್ಲಾಡೋದು, ಕೆರೆ ನೀರು, ಮೋಡ ಇವು ಬಲವಂತ ಇಲ್ಲದೆ ಗಮನ ಹಿಡಿಯುತ್ತವೆ, ಅಷ್ಟೊತ್ತು ಆ ದಣಿದ ಗಮನಕ್ಕೆ ವಿಶ್ರಾಂತಿ ಸಿಗುತ್ತೆ.

2008ರಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಇದನ್ನ ಪರೀಕ್ಷೆ ಮಾಡಿದ್ರು, ಒಂದೇ ಜನರನ್ನ ಒಂದು ದಿನ ಮರಗಳಿರೋ ತೋಟದಲ್ಲಿ, ಇನ್ನೊಂದು ದಿನ ಪೇಟೆ ರಸ್ತೆಯಲ್ಲಿ ನಡೆಸಿ, ವಾಪಸ್ ಬಂದ್ಮೇಲೆ ಅಂಕಿಗಳನ್ನ ಕೊನೆಯಿಂದ ಮೊದಲಿಗೆ ಹೇಳೋ ಪರೀಕ್ಷೆ ಕೊಟ್ರು. ತೋಟದಲ್ಲಿ ನಡೆದು ಬಂದಾಗ ಹೆಚ್ಚು ಚೆನ್ನಾಗಿ ಮಾಡಿದ್ರು. ನಂಗೆ ಆಶ್ಚರ್ಯ ಆಗಿದ್ದು ಏನಂದ್ರೆ, ಜನವರಿಯ ಕೊರೆಯೋ ಚಳಿಯಲ್ಲಿ ನಡೆದವರಿಗೆ ಆ ನಡಿಗೆ ಖುಷಿ ಕೊಟ್ಟಿರಲಿಲ್ಲ, ಆದ್ರೂ ಲಾಭ ಅಷ್ಟೇ ಸಿಕ್ಕಿತ್ತು. ಅಂದ್ರೆ ಚೆನ್ನಾಗಿದೆ ಅನ್ನಿಸೋದು ಬೇರೆ, ಒಳಗೆ ಆಗೋ ಕೆಲಸ ಬೇರೆ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಗ್ರೆಗರಿ ಬ್ರಾಟ್‌ಮನ್ ಮತ್ತು ಜೊತೆಯವರು 90 ನಿಮಿಷ ಹಸಿರಿನಲ್ಲಿ ನಡೆದವರಲ್ಲಿ ಆಗಿದ್ದನ್ನೇ ಮತ್ತೆ ಮತ್ತೆ ಯೋಚನೆ ಮಾಡಿ ಕೊರಗೋ ಪ್ರವೃತ್ತಿ ಕಡಿಮೆಯಾಯ್ತು, ಅದಕ್ಕೆ ಸಂಬಂಧಪಟ್ಟ ಮೆದುಳಿನ ಭಾಗದ ಚಟುವಟಿಕೆಯೂ ಇಳೀತು, ಹೈವೇ ಪಕ್ಕ ನಡೆದವರಲ್ಲಿ ಹಂಗೇನೂ ಆಗಲಿಲ್ಲ ಅಂತ ತೋರಿಸಿದ್ರು. ಇಬ್ಬರೂ ನಡೆದಿದ್ದಾರೆ, ವ್ಯಾಯಾಮ ಇಬ್ಬರಿಗೂ ಆಗಿದೆ ಅನ್ನೋದನ್ನ ಗಮನಿಸಿ.

ಈಗ ಇದನ್ನ ಬೆಂಗಳೂರಿನ ರಸ್ತೆಗೆ ತಂದು ನೋಡೋಣ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು ಒಂದಾದ್ಮೇಲೆ ಒಂದು ಜಾತಿಯ ಮರ ಹೂ ಬಿಡೋ ಹಾಗೆ, ವರ್ಷ ಪೂರ್ತಿ ಯಾವುದಾದ್ರೂ ರಸ್ತೆಯಲ್ಲಿ ಹೂ ಇರೋ ಹಾಗೆ ನೆಡೋ ಯೋಚನೆ ತಂದ್ರು. ಜಯನಗರ, ಮಲ್ಲೇಶ್ವರ, ಬಸವನಗುಡಿ ಕಡೆ ಇವತ್ತಿಗೂ ಇರೋ ಸಾಲುಮರಗಳನ್ನ ನೋಡಿದ್ರೆ ಊರನ್ನ ಕಣ್ಣಿಗೂ ಮನಸ್ಸಿಗೂ ಸೇರಿಸಿ ಕಟ್ಟಬಹುದು ಅನ್ನೋದು ಇಲ್ಲಿನವರಿಗೆ ಗೊತ್ತಿತ್ತು ಅನ್ನೋದು ಸ್ಪಷ್ಟ. 2013ರಲ್ಲಿ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಹೋದ್ಯೋಗಿಗಳು ಬೆಂಗಳೂರಿನಲ್ಲೇ ಅಳತೆ ಮಾಡಿ ಪ್ರಕಟಿಸಿದ್ದಾರೆ, ಮಧ್ಯಾಹ್ನದ ಹೊತ್ತು ಮರ ಇರೋ ರಸ್ತೆಯ ಗಾಳಿ ಮರ ಇಲ್ಲದ ರಸ್ತೆಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ತಂಪಾಗಿತ್ತು, ಡಾಂಬರಿನ ಮೇಲ್ಮೈ 27.5 ಡಿಗ್ರಿವರೆಗೂ ತಂಪು. ಫೀನಿಕ್ಸ್‌ನ ಹಾರ್ನ್ ಪ್ರಯೋಗವನ್ನ ಈ ಅಂಕಿ ಪಕ್ಕ ಇಟ್ಟು ಓದಿ. ಜೀಬ್ರಾ ಕ್ರಾಸಿಂಗ್ ಹತ್ರ ಹೆಲ್ಮೆಟ್ ಒಳಗೆ ಬೇಯ್ತಾ ನಿಂತಿರೋ ಡೆಲಿವರಿ ಹುಡುಗ, ಹಮಾಲಿ, ಟ್ರಾಫಿಕ್ ಪೊಲೀಸ್, ಇವರಿಗೆ ಮೇಲೆ ಒಂದು ಮಳೆಮರದ ನೆರಳಿದ್ರೆ ಮುಂದಿನ ಐದು ನಿಮಿಷದಲ್ಲಿ ಅವರು ಇನ್ನೊಬ್ಬರ ಜೊತೆ ಮಾತಾಡೋ ದನಿಯೇ ಬದಲಾಗಬಹುದು.

ಇಲ್ಲೇ ನಂಗೆ ಒಂದು ಸರ್ಕಾರಿ ಲೆಕ್ಕದ ಬಗ್ಗೆ ತುಂಬಾ ತಕರಾರಿದೆ. ರಸ್ತೆ ಅಗಲ ಮಾಡೋಕೆ ಮರ ಕಡೀವಾಗೆಲ್ಲ ಒಂದಕ್ಕೆ ಹತ್ತು ನೆಡ್ತೀವಿ ಅಂತ ಹೇಳ್ತಾರೆ, ಆ ಹತ್ತು ಸಸಿ ಎಲ್ಲೋ ಊರಾಚೆ ಖಾಲಿ ಜಮೀನಲ್ಲಿ ಇರುತ್ತವೆ. ಇಂಗಾಲದ ಲೆಕ್ಕಕ್ಕೆ ಅದು ಸರಿ ಇರಬಹುದು, ಇಂಗಾಲ ಎಲ್ಲಿ ಹೀರಿದ್ರೂ ಹೀರಿದ ಹಾಗೇ. ಮನಸ್ಸಿನ ಲೆಕ್ಕ ಹಂಗಲ್ಲ. ಬಸ್ ಸ್ಟಾಪ್ ಮೇಲಿದ್ದ ಮರ ಹೋದ್ರೆ ಆ ಸ್ಟಾಪ್‌ನಲ್ಲಿ ದಿನಾ ನಿಲ್ಲೋ ಹೆಂಗಸಿಗೆ ಹೋದ ನೆರಳು ಇಪ್ಪತ್ತು ಕಿಲೋಮೀಟರ್ ದೂರದ ಸಸಿಯಿಂದ ವಾಪಸ್ ಬರಲ್ಲ, ಸಸಿ ಮರವಾಗೋಕೆ ಬೇಕಾದ ಇಪ್ಪತ್ತು ಮೂವತ್ತು ವರ್ಷದಲ್ಲಿ ಅವಳು ಮುದುಕಿಯಾಗಿರ್ತಾಳೆ. ಸಮಾಧಾನ ಅನ್ನೋದು ಆಯಾ ಜಾಗದ್ದು, ಆಯಾ ಹೊತ್ತಿನದ್ದು, ಅದನ್ನ ಬೇರೆ ಊರಿಗೆ ವರ್ಗಾವಣೆ ಮಾಡೋಕಾಗಲ್ಲ. 2016ರ ಅಕ್ಟೋಬರ್‌ನಲ್ಲಿ ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದ ತನಕ ಸ್ಟೀಲ್ ಫ್ಲೈಓವರ್ ಅಂದಾಗ, 812 ಮರ ಹೋಗುತ್ತೆ ಅಂತ ಗೊತ್ತಾದಾಗ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆ ಪಕ್ಕ ನಿಂತ್ರಲ್ಲ, ಆ ಯೋಜನೆಯನ್ನ 2017ರ ಮಾರ್ಚ್‌ನಲ್ಲಿ ಕೈಬಿಟ್ರಲ್ಲ, ಅವತ್ತು ಜನ ಟ್ರಾಫಿಕ್ ಎಂಜಿನಿಯರಿಂಗ್ ಮಾತಾಡೋಕೆ ಬಂದಿರಲಿಲ್ಲ. 2025ರಲ್ಲಿ ಸುರಂಗ ರಸ್ತೆ ಲಾಲ್‌ಬಾಗ್ ಹತ್ರ ಬರುತ್ತೆ ಅಂದಾಗಲೂ ಅಷ್ಟೇ. ಇದನ್ನ ಬರೀ ಭಾವುಕತೆ ಅಂತ ತಳ್ಳಿಹಾಕೋರಿಗೆ ನಾನು ಹೇಳೋದು, ಹೌದು ಭಾವುಕತೆಯೇ, ಆದ್ರೆ ಅದಕ್ಕೆ ಅಳತೆ ಇದೆ, ಪುರಾವೆ ಇದೆ, ಅದನ್ನ ಯೋಜನಾ ವರದಿಯಲ್ಲಿ ಒಂದು ಕಾಲಂ ಆಗಿ ಬರೀಬೇಕು.

ಮರ ಒಂದೇ ಅಲ್ಲ, ಗೋಡೆಯೂ ಮಾತಾಡುತ್ತೆ. ಕಾಲಿನ್ ಎಲ್ಲಾರ್ಡ್ ಅನ್ನೋ ನರವಿಜ್ಞಾನಿ ನ್ಯೂಯಾರ್ಕ್‌ನಲ್ಲಿ ಜನರ ಕೈಗೆ ಸೆನ್ಸರ್ ಕಟ್ಟಿ ರಸ್ತೆಗಳಲ್ಲಿ ನಡೆಸಿದ್ರು. ಒಂದು ಇಡೀ ಬ್ಲಾಕ್ ಉದ್ದಕ್ಕೂ ಚಾಚಿದ್ದ ದೊಡ್ಡ ಸೂಪರ್ ಮಾರ್ಕೆಟ್‌ನ ಸಪಾಟು ಗೋಡೆ ಮುಂದೆ ಜನರ ಮೈಯ ಉತ್ಸಾಹದ ಅಳತೆ ಇಳೀತು, ಮೂಡು ಕೆಡ್ತು, ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಸಣ್ಣ ಸಣ್ಣ ಅಂಗಡಿ ಹೋಟೆಲ್ ಇರೋ ಬೀದಿಯಲ್ಲಿ ಅದೇ ಜನ ಲವಲವಿಕೆಯಿಂದ ಇದ್ರು. ನಮ್ಮ ಔಟರ್ ರಿಂಗ್ ರೋಡ್ ಪಕ್ಕ ನಡೆದು ನೋಡಿದವರಿಗೆ ಇದು ಹೇಳಿಕೊಡೋದೇ ಬೇಡ, ಟೆಕ್ ಪಾರ್ಕ್‌ನ ಕಾಂಪೌಂಡ್ ಗೋಡೆ ಮುಗಿಯೋದೇ ಇಲ್ಲ, ಮೇಲೆ ಗಾಜು, ಗಾಜಿನಿಂದ ಬಿಸಿಲು ತಿರುಗಿ ಮುಖಕ್ಕೆ, ಬಾಗಿಲು ಅನ್ನೋದು ಅರ್ಧ ಕಿಲೋಮೀಟರ್‌ಗೊಂದು, ಅದರಲ್ಲೂ ಸೆಕ್ಯುರಿಟಿಯವರು. ಅದೇ ಮಲ್ಲೇಶ್ವರದ 8ನೇ ಕ್ರಾಸ್‌ನಲ್ಲಿ ಹೂವಿನವರು, ಬಾಳೆ ಎಲೆ, ಕಾಫಿ ಪುಡಿ ವಾಸನೆ, ಕುಂಕುಮದ ಅಂಗಡಿ, ನಾಲ್ಕು ಹೆಜ್ಜೆಗೊಂದು ಮುಖ. ದೂರ ಅಷ್ಟೇ ಇದ್ರೂ ಒಂದು ಕಡೆ ಸಾಕಪ್ಪಾ ಅನ್ಸುತ್ತೆ, ಇನ್ನೊಂದು ಕಡೆ ಗೊತ್ತೇ ಆಗಲ್ಲ. ಹಳೇ ಮೈಸೂರು ಕಡೆ ಮನೆ ಮುಂದಿನ ಜಗಲಿ, ಉತ್ತರ ಕರ್ನಾಟಕದ ಕಟ್ಟೆ, ಊರ ಮಧ್ಯದ ಅಶ್ವತ್ಥಕಟ್ಟೆ, ಇವು ಮನೆಗೂ ಬೀದಿಗೂ ನಡುವೆ ಒಂದು ಜಾಗ ಕೊಡ್ತಿದ್ವು, ಯಾರ ಜೊತೆನೂ ಮಾತಾಡಲೇಬೇಕು ಅಂತಿಲ್ಲ, ಆದ್ರೆ ಒಬ್ಬರೇ ಅನ್ನಿಸ್ತಿರಲಿಲ್ಲ. ಈಗ ಕಾರ್ ಪಾರ್ಕಿಂಗ್‌ಗೆ ಅಂತ ಜಗಲಿ ಹೋಗಿ ರೋಲಿಂಗ್ ಗೇಟ್ ಬಂದಿದೆ, ಸಂಜೆ ಹೊತ್ತು ವಯಸ್ಸಾದವರು ಕೂರೋಕೆ ಬಾಲ್ಕನಿಯಲ್ಲಿ ವಾಷಿಂಗ್ ಮಷೀನ್ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಅಷ್ಟೇ ಉಳಿದಿರೋದು.

ಆದ್ರೆ ಹಸಿರು ಇದ್ರೆ ಸಾಕು, ಎಲ್ಲಾ ಸರಿಹೋಗುತ್ತೆ ಅನ್ನೋ ಮಾತನ್ನ ನಾನು ಒಪ್ಪಲ್ಲ. ರಾತ್ರಿ ಎಂಟಕ್ಕೆ ಲೈಟಿಲ್ಲದ, ಪೊದೆ ಬೆಳೆದ ಪಾರ್ಕ್ ಪಕ್ಕ ಒಬ್ಬಳೇ ನಡೆಯೋ ಹುಡುಗಿಗೆ ಆ ಹಸಿರು ಭಯ. ಜೇ ಆ್ಯಪಲ್ಟನ್ ಅನ್ನೋ ಭೂಗೋಳಶಾಸ್ತ್ರಜ್ಞ 1975ರಲ್ಲೇ ಹೇಳಿದ್ದ, ನಮಗೆ ದೂರ ಕಾಣಬೇಕು, ಬೆನ್ನಿಗೆ ಆಸರೆಯೂ ಇರಬೇಕು, ಎರಡೂ ಸೇರಿದ ಜಾಗ ಹಿತ ಅನ್ಸುತ್ತೆ ಅಂತ. ಪೊದೆಯಲ್ಲಿ ಆಸರೆ ಸಿಗೋದು ಹೊಂಚುಹಾಕೋನಿಗೆ, ಅವಳಿಗೆ ಅಲ್ಲ. ಇನ್ನು ಬೆಳೆದ ನೆಲದ ವಿಷಯ. ಶಿರಸಿ, ತೀರ್ಥಹಳ್ಳಿ ಕಡೆಯವರಿಗೆ ರಾಯಚೂರಿನ ಬಯಲು ಬಿಕೋ ಅನ್ಸುತ್ತೆ, ರಾಯಚೂರಿನವರಿಗೆ ಮಲೆನಾಡಿನ ಜುಲೈ ತಿಂಗಳು, ಆ ಕತ್ತಲು, ಆ ಜಿಟಿಜಿಟಿ ಮಳೆ, ಕಾಲಿಗೆ ಹತ್ತೋ ಉಂಬಳ, ಉಸಿರು ಕಟ್ಟಿದ ಹಾಗೆ. ಪ್ರವಾಸಕ್ಕೆ ಹೋದವರು ನೋಡೋ ಮಳೆಯೂ ಅಡಿಕೆಗೆ ಕೊಳೆರೋಗ ಬಂದಿರೋ ತೋಟದವರು ನೋಡೋ ಮಳೆಯೂ ಒಂದೇ ಅಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಕೊಡಗಿನಲ್ಲಿ ಎಷ್ಟೋ ಜನರಿಗೆ ಜೋರು ಮಳೆ ಸದ್ದೇ ನಿದ್ದೆ ಕೆಡಿಸೋ ಸದ್ದಾಯ್ತು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋಗಿ ಜನ ನವನಗರಕ್ಕೆ ಬಂದ್ರು, ಅಗಲ ರಸ್ತೆ, ಸೆಕ್ಟರ್, ಪ್ಲಾಟು ಎಲ್ಲಾ ಸಿಕ್ತು, ಆದ್ರೆ ಓಣಿಯ ನೆರಳು, ಅಲ್ಲೇ ಬಾಗಿಲಿಂದ ಬಾಗಿಲಿಗೆ ಮಾತು ಅನ್ನೋದು ಪರಿಹಾರದ ಪಟ್ಟಿಯಲ್ಲಿ ಇರಲಿಲ್ಲ. ಪಶ್ಚಿಮದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಈ ಥರದ ನೆನಪಿನ ಭಾರ ಸಿಗಲ್ಲ, ಅದನ್ನ ಇಲ್ಲಿನವರೇ ಕೇಳಿ ಬರೀಬೇಕು.

ಹಣದ ವಿಷಯವೂ ಇದೆ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿ ವಾರಕ್ಕೆ 120 ನಿಮಿಷ ಹಸಿರಿನಲ್ಲಿ ಕಳೆಯೋರು ಆರೋಗ್ಯ ಚೆನ್ನಾಗಿದೆ, ನೆಮ್ಮದಿ ಇದೆ ಅಂತ ಹೇಳೋ ಸಾಧ್ಯತೆ ಹೆಚ್ಚು ಅಂತ ಕಂಡುಕೊಂಡ್ರು. ಬೊಮ್ಮನಹಳ್ಳಿ, ಪೀಣ್ಯ ಕಡೆ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಣುಮಕ್ಕಳಿಗೆ ಆ 120 ನಿಮಿಷ ಎಲ್ಲಿಂದ ಬರಬೇಕು? ಬಹಳ ವರ್ಷ ನಮ್ಮ ಬಡಾವಣೆಯ ಪಾರ್ಕ್‌ಗಳು ಬೆಳಗ್ಗೆ ಸಂಜೆ ವಾಕಿಂಗ್‌ನವರಿಗೆ ಮಾತ್ರ ತೆರೀತಿದ್ವು, ಮಧ್ಯಾಹ್ನ ಊಟದ ಡಬ್ಬಿ ಹಿಡ್ಕೊಂಡು ನೆರಳು ಹುಡುಕೋರಿಗೆ ಗೇಟಿಗೆ ಬೀಗ. ಆದ್ರೂ ಜನ ಬಿಡಲ್ಲ. ಬೆಂಗಳೂರಿನ ಕೊಳೆಗೇರಿಗಳಲ್ಲಿ ಗಿಡಮರಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೆಲವೇ ಇಲ್ಲದ ಕಡೆ ಪೇಂಟ್ ಡಬ್ಬಿ, ಸೀಮೆಎಣ್ಣೆ ಕ್ಯಾನ್, ಪ್ಲಾಸ್ಟಿಕ್ ಚೀಲದಲ್ಲಿ ಗಿಡ ಬೆಳೆಸ್ತಿರೋದು, ಇದ್ದ ಒಂದು ಮರದ ಕೆಳಗೆ ಅಡುಗೆ, ಹರಟೆ, ಮಕ್ಕಳ ಆಟ, ಕೆಲಸ ಎಲ್ಲಾ ನಡೀತಿರೋದು ದಾಖಲಾಗಿದೆ. ಅಂಥಾ ಒಂದು ಮರ ಶ್ರೀಮಂತ ಬಡಾವಣೆಯ ಹತ್ತು ಮರದಷ್ಟು ಕೆಲಸ ಮಾಡುತ್ತೆ ಅಂತ ನಂಗನ್ಸುತ್ತೆ, ಆದ್ರೆ ಕಡಿಯೋವಾಗ ಎರಡಕ್ಕೂ ಲೆಕ್ಕ ಒಂದೇ, ಒಂದು ಮರ.

ಕೊನೆಗೆ ಸದ್ದು, ನಾವು ಅತಿ ಹೆಚ್ಚು ಸಹಿಸಿಕೊಂಡಿರೋದು ಇದನ್ನೇ. ಕಾನೂನು ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ದಾಟಬಾರದು, 2000ನೇ ಇಸವಿಯ ನಿಯಮ ಇದು, ಮುಖ್ಯರಸ್ತೆ ಪಕ್ಕದ ಮನೆಯಲ್ಲಿರೋರು ಈ ಅಂಕಿಯನ್ನ ನೋಡಿದ್ರೆ ನಂಬಲ್ಲ. ಗ್ಲಾಸ್ ಮತ್ತು ಸಿಂಗರ್ ಅನ್ನೋರು 1970ರ ಆಸುಪಾಸಿನಲ್ಲಿ ಜನರಿಗೆ ಕರ್ಕಶ ಸದ್ದು ಕೇಳಿಸಿ, ಕೆಲವರ ಕೈಗೆ ಮಾತ್ರ ಬೇಕಾದ್ರೆ ಸದ್ದು ನಿಲ್ಲಿಸಬಹುದು ಅಂತ ಒಂದು ಬಟನ್ ಕೊಟ್ರು. ಹೆಚ್ಚಿನವರು ಅದನ್ನ ಒತ್ತಲೇ ಇಲ್ಲ. ಆದ್ರೂ ಬಟನ್ ಇದ್ದವರು ಆಮೇಲೆ ಕೊಟ್ಟ ಕಷ್ಟದ ಕೆಲಸದಲ್ಲಿ ಹೆಚ್ಚು ಹೊತ್ತು ಪ್ರಯತ್ನ ಬಿಡಲಿಲ್ಲ, ತಪ್ಪೂ ಕಡಿಮೆ ಮಾಡಿದ್ರು. ಸದ್ದಿಗಿಂತ ಹೆಚ್ಚಾಗಿ ಕುಗ್ಗಿಸೋದು ನಮ್ಮ ಕೈಯಲ್ಲಿ ಏನೂ ಇಲ್ಲ ಅನ್ನೋ ಭಾವನೆ. ನಮ್ಮನೆ ಮದುವೆಯ ವಾಲಗ ಕಿವಿಗೆ ಹಿತ, ಪಕ್ಕದ ಕಲ್ಯಾಣ ಮಂಟಪದ್ದು ರಾತ್ರಿ ಹನ್ನೊಂದಕ್ಕೆ ಎದೆಗೆ ಗುದ್ದಿದ ಹಾಗೆ, ದೂರು ಕೊಟ್ರೆ ಯಾರೂ ಬರಲ್ಲ ಅಂತ ಗೊತ್ತಿದ್ರಂತೂ ಇನ್ನೂ ಜಾಸ್ತಿ.

ಇದನ್ನ ಸರಿ ಮಾಡೋಕಾಗಲ್ಲ ಅನ್ನೋರು ನ್ಯೂಯಾರ್ಕ್‌ನ ಒಂದು ಸ್ಕೂಲಿನ ಕಥೆ ನೋಡಬೇಕು. ಎತ್ತರದ ರೈಲು ಹಳಿ ಪಕ್ಕದಲ್ಲೇ ಇದ್ದ ಸ್ಕೂಲು ಅದು. 1975ರಲ್ಲಿ ಆರ್ಲೀನ್ ಬ್ರಾನ್ಝಾಫ್ಟ್ ಅನ್ನೋ ಮನಶ್ಶಾಸ್ತ್ರಜ್ಞೆ ಹಳಿ ಕಡೆಯ ಕ್ಲಾಸಿನ ಮಕ್ಕಳು ಓದೋದ್ರಲ್ಲಿ ಹಿಂದಿನ ಕಡೆಯ ಶಾಂತ ಕ್ಲಾಸಿನ ಮಕ್ಕಳಿಗಿಂತ ಹಿಂದೆ ಬಿದ್ದಿದ್ದಾರೆ, ಆರನೇ ಕ್ಲಾಸಿಗೆ ಬರೋ ಹೊತ್ತಿಗೆ ಅಂತರ ಸುಮಾರು ಒಂದು ವರ್ಷದಷ್ಟು ಅಂತ ತೋರಿಸಿದ್ರು. ಆ ವರದಿ ಇಟ್ಟುಕೊಂಡು ಗಲಾಟೆ ಮಾಡಿದ ಮೇಲೆ ಹಳಿ ಕೆಳಗೆ ರಬ್ಬರ್ ಪ್ಯಾಡ್ ಹಾಕಿದ್ರು, ಕ್ಲಾಸಿನ ಸೂರಿಗೆ ಸದ್ದು ಹೀರೋ ಹಲಗೆ ಹಾಕಿದ್ರು, 1981ರಲ್ಲಿ ಮತ್ತೆ ನೋಡಿದಾಗ ಎರಡೂ ಕಡೆಯ ಮಕ್ಕಳ ನಡುವೆ ವ್ಯತ್ಯಾಸವೇ ಇರಲಿಲ್ಲ. ನಮ್ಮ ಮೆಟ್ರೋ ಹಳಿಗಳು, ಡಬಲ್ ಡೆಕ್ಕರ್ ಫ್ಲೈಓವರ್‌ಗಳು ಎಷ್ಟು ಸರ್ಕಾರಿ ಶಾಲೆ, ಎಷ್ಟು ಅಂಗನವಾಡಿ ಪಕ್ಕದಲ್ಲಿ ಹೋಗ್ತಿವೆ ಅಂತ ಯಾರಾದ್ರೂ ಪಟ್ಟಿ ಮಾಡಿ ಕೇಳಬೇಕು, ಆ ಕ್ಲಾಸುಗಳಲ್ಲಿ ಕಿಟಕಿ ಮುಚ್ಚಿದ್ರೆ ಸೆಕೆ, ತೆಗೆದ್ರೆ ಟೀಚರ್ ಮಾತು ಕೇಳಲ್ಲ. ಮರ ಕಡಿಯೋಕೆ ಸಾರ್ವಜನಿಕರ ಆಕ್ಷೇಪಣೆ ಕರೆದಾಗಲೂ ಬರೀ ಮರ ಉಳಿಸಿ ಅಂತ ಒಂದು ಸಾಲು ಬರೆದು ಸಹಿ ಹಾಕಬೇಡಿ. ಮರದ ಜಾತಿ ಬರೀರಿ, ಮಧ್ಯಾಹ್ನ ಅದರ ಕೆಳಗೆ ಯಾರು ಕೂರ್ತಾರೆ, ಇಸ್ತ್ರಿ ಗಾಡಿ ಇದೆಯಾ, ಆಟೋ ಸ್ಟ್ಯಾಂಡ್ ಇದೆಯಾ, ಸ್ಕೂಲ್ ಬಿಟ್ಟಾಗ ಮಕ್ಕಳು ಎಷ್ಟೊತ್ತು ಅಲ್ಲಿ ನಿಂತಿರ್ತಾರೆ ಅಂತ ಬರೀರಿ, ಮರದ ಕೆಳಗೂ ಬಿಸಿಲಲ್ಲೂ ಒಂದೊಂದು ಥರ್ಮಾಮೀಟರ್ ಇಟ್ಟು ಮಧ್ಯಾಹ್ನದ ಅಂಕಿ ಬರೆದು ಫೋಟೋ ಸಮೇತ ಲಗತ್ತಿಸಿ, ಸ್ವೀಕೃತಿಯ ಸೀಲ್ ಹಾಕಿಸ್ಕೊಂಡು ಬನ್ನಿ.